ಊರ ಹತ್ತಿರದ ಸಾಕಣೆದಾರರಿಂದ ರೇವಾಲ್ ನಡೆಯ ಕುದುರೆ ಕೊಳ್ಳುವ ಮುನ್ನ

ಪ್ರಶ್ನೆ: ನನಗೆ 52 ವರ್ಷ, ತೂಕ 74 ಕಿಲೋ. ಎರಡು ವರ್ಷಗಳಿಂದ ಸವಾರಿ ಶಾಲೆಯೊಂದರಲ್ಲಿ ಕುದುರೆ ಏರುವುದನ್ನು ಕಲಿಯುತ್ತಿದ್ದೇನೆ. ಟ್ರಾಟ್‌ನ ಕುಲುಕಾಟವನ್ನು ನನ್ನ ಸೊಂಟ ತಾಳುತ್ತಿಲ್ಲ. ನಮ್ಮೂರಿನಿಂದ ಅರ್ಧ ತಾಸಿನ ದಾರಿಯಲ್ಲಿ ಮಾರ್ವಾಡಿ ತಳಿಯ ಕುದುರೆಗಳನ್ನು ಸಾಕಿ ಮರಿ ಮಾಡಿಸುವವರೊಬ್ಬರಿದ್ದಾರೆ. ಅವರಲ್ಲಿ ನಾಲ್ಕು ವರ್ಷದ್ದೆನ್ನುವ, 59 ಅಂಗುಲ ಎತ್ತರದ, ಪಂಚಕಲ್ಯಾಣಿ ಹೆಣ್ಣು ಕುದುರೆ ಮಾರಾಟಕ್ಕಿದೆ. ಅದಕ್ಕೆ ಹುಟ್ಟಿನಿಂದಲೇ ಕುಲುಕದೆ ಸಾಗುವ ರೇವಾಲ್ ನಡೆ ಬಂದಿದೆ, ಮೇಲೆ ಕೂತವರ ಕೈಯ ಹಾಲಿನ ಲೋಟವೂ ತುಳುಕುವುದಿಲ್ಲ ಎನ್ನುತ್ತಾರೆ. ತಾಯಿಯ ಕಡೆಯ ಕಾಗದಗಳು ಮಾತ್ರ ಇವೆ. ಮಳೆಗಾಲ ಮುಗಿಯುವುದರೊಳಗೆ ಮುಂಗಡ ಕೊಟ್ಟು ಕರೆದೊಯ್ಯಿರಿ ಎಂದು ಹೇಳುತ್ತಿದ್ದಾರೆ. ನಾನು ಏನೇನು ನೋಡಬೇಕು?
– ಓದುಗರೊಬ್ಬರು, ಧಾರವಾಡ ಜಿಲ್ಲೆ

ಉತ್ತರ: ನಿಮ್ಮ ಆಲೋಚನೆ ಸರಿಯಾಗಿಯೇ ಇದೆ. ಸೊಂಟನೋವಿರುವ, ವೇಗಕ್ಕಿಂತ ದೂರದ ಸವಾರಿಯನ್ನು ಬಯಸುವ ಮಧ್ಯವಯಸ್ಸಿನವರಿಗೆ ಒಳ್ಳೆಯ ರೇವಾಲ್ ನಡೆಯ ಕುದುರೆಗಿಂತ ಹಿತವಾದ ವಾಹನ ಇನ್ನೊಂದಿಲ್ಲ. ಆದರೆ ಮುಂಗಡವನ್ನು ಈಗಲೇ ಕೊಡಬೇಡಿ. ಪುಷ್ಕರ, ಸಾರಂಗಖೇಡ, ಅಕಲೂಜದಂಥ ಕಡೆ ಸೇರುವ ಕುದುರೆ ಸಂತೆಗಳಲ್ಲಿ ಕೊಳ್ಳುವವರು ನೂರಾರು ಕಿಲೋಮೀಟರ್ ದೂರದಿಂದ ಹೋಗಿ, ಗದ್ದಲದ ನಡುವೆ, ಅರ್ಧ ದಿನದಲ್ಲಿ ತೀರ್ಮಾನ ಮಾಡಬೇಕಾಗುತ್ತದೆ. ಕುದುರೆಯ ತಾಯಿ ಯಾವುದು, ಅದು ಬೆಳೆದ ಲಾಯ ಎಂಥದ್ದು, ನಿನ್ನೆ ಅದು ಹೇಗಿತ್ತು ಎಂಬುದು ಅವರಿಗೆ ಕಾಣುವುದೇ ಇಲ್ಲ. ನಿಮಗೆ ಇವೆಲ್ಲವೂ ಅರ್ಧ ತಾಸಿನ ದಾರಿಯಲ್ಲಿವೆ. ಊರ ಹತ್ತಿರದ ಸಾಕಣೆದಾರರಿಂದ ಕೊಳ್ಳುವುದರ ನಿಜವಾದ ಲಾಭ ಈ ಬಿಡುವು, ಮತ್ತು ಮುಂಗಡ ಕೊಟ್ಟ ದಿನವೇ ಅದು ನಿಮ್ಮ ಕೈತಪ್ಪುತ್ತದೆ.

ಮೊದಲು ನಡೆಯ ವಿಚಾರ. ಟ್ರಾಟ್ ಎನ್ನುವ ಕುಕ್ಕುಲೋಟದಲ್ಲಿ ಎಡ ಮುಂಗಾಲು ಮತ್ತು ಬಲ ಹಿಂಗಾಲು ಒಟ್ಟಿಗೆ, ಬಲ ಮುಂಗಾಲು ಮತ್ತು ಎಡ ಹಿಂಗಾಲು ಒಟ್ಟಿಗೆ ಬೀಳುತ್ತವೆ, ಈ ಎರಡು ಜೋಡಿಗಳ ನಡುವೆ ಕ್ಷಣಕಾಲ ನಾಲ್ಕೂ ಕಾಲುಗಳು ನೆಲ ಬಿಟ್ಟಿರುತ್ತವೆ. ಹಾಗೆ ಮೇಲೆದ್ದ ಮೈ ಕೆಳಗಿಳಿಯುವಾಗಿನ ಪೆಟ್ಟೇ ನಿಮ್ಮ ಸೊಂಟಕ್ಕೆ ತಾಗುತ್ತಿರುವುದು. ರೇವಾಲ್‌ನಲ್ಲಿ ಒಂದು ಪಕ್ಕದ ಹಿಂಗಾಲು, ಅದರ ಬೆನ್ನಿಗೇ ಅದೇ ಪಕ್ಕದ ಮುಂಗಾಲು, ಆಮೇಲೆ ಇನ್ನೊಂದು ಪಕ್ಕದ ಹಿಂಗಾಲು ಮತ್ತು ಮುಂಗಾಲು, ಹೀಗೆ ನಾಲ್ಕು ಕಾಲುಗಳು ಒಂದೊಂದಾಗಿ ಬೀಳುತ್ತವೆ, ಮತ್ತು ಯಾವ ಗಳಿಗೆಯಲ್ಲೂ ಒಂದು ಕಾಲಾದರೂ ನೆಲದ ಮೇಲಿರುತ್ತದೆ. ಆದ್ದರಿಂದ ಎತ್ತಿ ಹಾಕುವ ಪೆಟ್ಟು ಇಲ್ಲ. ಮಾರ್ವಾಡಿಯಲ್ಲಷ್ಟೇ ಅಲ್ಲದೆ ಕಾಠಿಯಾವಾಡಿ, ಕಛ್ಛಿ-ಸಿಂಧಿ ತಳಿಗಳಲ್ಲಿಯೂ ಈ ನಡೆ ಉಂಟು. ಐಸ್‌ಲ್ಯಾಂಡಿನ ಕುದುರೆಗಳ ಟೋಲ್ಟ್, ಕೊಲಂಬಿಯಾದ ಪಾಸೋ ಫೀನೋ ಕುದುರೆಗಳ ನಡೆ ಇವೂ ಇದೇ ಬಳಗದವು.

ಇದಕ್ಕೆ ತೀರ ಹತ್ತಿರದ ಇನ್ನೊಂದು ನಡೆಯೂ ಇದೆ, ಮಾರುವವರು ಅದನ್ನೂ ಎಷ್ಟೋ ವೇಳೆ ರೇವಾಲ್ ಎಂದೇ ಕರೆಯುತ್ತಾರೆ. ಅದರಲ್ಲಿ ಒಂದೇ ಪಕ್ಕದ ಎರಡೂ ಕಾಲುಗಳು ಏಕಕಾಲಕ್ಕೆ ಬೀಳುತ್ತವೆ. ಸವಾರಿ ಬಲ್ಲವರು ಅದನ್ನು ಪೇಸ್ ಎನ್ನುತ್ತಾರೆ. ಅದು ಮೇಲೆ ಕೆಳಗೆ ಕುಕ್ಕದಿದ್ದರೂ ಸವಾರನನ್ನು ಎಡಕ್ಕೂ ಬಲಕ್ಕೂ ತೂಗುತ್ತದೆ, ಮತ್ತು ಈಗಾಗಲೇ ನೋಯುತ್ತಿರುವ ಸೊಂಟಕ್ಕೆ ಈ ಅಡ್ಡ ತೂಗಾಟ ಟ್ರಾಟ್‌ಗಿಂತ ಹೆಚ್ಚು ತ್ರಾಸ ಕೊಡಬಲ್ಲದು. ಹಾಲಿನ ಲೋಟದ ಪರೀಕ್ಷೆಯನ್ನು ಇಲ್ಲಿ ನಂಬುವಂತಿಲ್ಲ. ಪಳಗಿದ ಸವಾರ ತನ್ನ ಮೊಣಕೈಯಲ್ಲಿಯೇ ಎಷ್ಟೋ ಅಲುಗಾಟವನ್ನು ನುಂಗಿಬಿಡುತ್ತಾನೆ.

ಕಣ್ಣಿಗಿಂತ ಮೊದಲು ಕಿವಿಯನ್ನು ನಂಬಿ. ಗಟ್ಟಿ ನೆಲದ ಮೇಲೆ, ಡಾಂಬರಾದರೂ ಸರಿ, ಕುದುರೆಯನ್ನು ನಿಮ್ಮ ಮುಂದಿನಿಂದ ಹಾಯಿಸಲು ಹೇಳಿ ಕಣ್ಣು ಮುಚ್ಚಿ ನಿಂತುಕೊಳ್ಳಿ. ನಾಲ್ಕು ಸದ್ದುಗಳು ಬಿಡಿಬಿಡಿಯಾಗಿ, ಸರಿಸುಮಾರು ಸಮನಾದ ಅಂತರದಲ್ಲಿ ಕೇಳಬೇಕು. ಎರಡೆರಡು ಸೇರಿ ಒಂದಾಗಿ ಕೇಳಿದರೆ ಅದು ಪೇಸ್ ಕಡೆಗೆ ಜಾರಿದೆ ಎಂದು ತಿಳಿಯಿರಿ. ಅನಂತರ ಎಡಪಕ್ಕದ ಎರಡು ಕಾಲುಗಳಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿಸಿ, ಮೊಬೈಲಿನ ನಿಧಾನಗತಿಯ ವೀಡಿಯೋದಲ್ಲಿ ಪಕ್ಕದಿಂದ ಚಿತ್ರಿಸಿಕೊಂಡು ಮನೆಗೆ ಬಂದು ನೋಡಿ. ಹಿಂಗಾಲು ನೆಲ ಮುಟ್ಟಿದ ಮೇಲೆ ಮುಂಗಾಲು ಮುಟ್ಟುವುದಕ್ಕೆ ಸ್ಪಷ್ಟವಾದ ಬಿಡುವು ಇರಬೇಕು. ನಿಧಾನದ ರೇವಾಲ್‌ನಲ್ಲಿ ಈ ಬಿಡುವು ಇದ್ದು, ವೇಗ ಹೆಚ್ಚಿದಾಗ ಮಾತ್ರ ಅಳಿಸಿಹೋಗುವ ಕುದುರೆಗಳು ಬಹಳ. ನಿಮಗೆ ಬೇಕಾದ ವೇಗದಲ್ಲಿ ಅದು ಉಳಿಯುತ್ತದೆಯೇ ಎಂಬುದಷ್ಟೇ ನಿಮ್ಮ ಪ್ರಶ್ನೆಯಾಗಿರಲಿ.

ಮುಂದಿನದು ಈ ನಡೆ ಹುಟ್ಟಿನದೋ ಮಾಡಿಸಿದ್ದೋ ಎಂಬುದು. ಈ ವಿಚಾರದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಏಕೆಂದರೆ ಇಲ್ಲಿ ಕುದುರೆ ಪಡುವ ಹಿಂಸೆ ನಿಜವಾದದ್ದು. ಒಂದು ಪಕ್ಕದ ಎರಡು ಕಾಲುಗಳನ್ನು ಹಗ್ಗದಿಂದ ಜೋಡಿಸಿ ನಡೆಸುವುದು, ಕಾಲಿಗೆ ಭಾರದ ಸರಪಳಿಯನ್ನೋ ಭಾರವಾದ ಲಾಳವನ್ನೋ ಹಾಕುವುದು, ಮುಳ್ಳಿನ ಕಡಿವಾಣದಿಂದ ತಲೆಯನ್ನು ಮೇಲೆತ್ತಿ ಹಿಡಿದು ಬೆನ್ನನ್ನು ತಗ್ಗಿಸಿಬಿಡುವುದು, ಇವೆಲ್ಲ ಕುದುರೆಗೆ ರೇವಾಲ್ ‘ಕಲಿಸುವ’ ಹಳೆಯ ದಾರಿಗಳು. ಮುಳ್ಳು, ಗುಬುಟುಗಳಿರುವ ಕಡಿವಾಣವನ್ನು ಬಳಸುವುದು ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಗೆಂದು 1965ರಲ್ಲಿ ಬಂದ ನಿಯಮಗಳಿಗೇ ವಿರುದ್ಧ. ಆದರೂ ಅದು ಇಂದಿಗೂ ಬಳಕೆಯಲ್ಲಿದೆ. ಹೀಗೆ ಕಲಿತ ಕುದುರೆ ಭಯ ಮತ್ತು ಬಿಗಿತದಿಂದ ಆ ನಡೆಯನ್ನು ಕೊಡುತ್ತದೆ. ಅದರ ಬೆನ್ನು ಕ್ರಮೇಣ ನೋಯತೊಡಗುತ್ತದೆ, ಮತ್ತು ನಿಮ್ಮ ಮೆತ್ತನೆಯ ಕೈಗೆ ಬಂದ ಕೆಲವು ತಿಂಗಳಲ್ಲೇ ಕಲಿಸಿದ ನಡೆ ಕಳೆದುಹೋಗಿ ನೀವು ದೂರ ಮಾಡಬೇಕೆಂದಿದ್ದ ಟ್ರಾಟ್ ಮರಳುತ್ತದೆ.

ಗುರುತುಗಳು ಮೈಮೇಲೆಯೇ ಇರುತ್ತವೆ. ಗೊರಸಿನ ಮೇಲಿನ ಕಾಲಸಂದಿನ ಸುತ್ತ ಕೂದಲು ಉದುರಿದ ಅಥವಾ ಬಿಳಿ ಕೂದಲು ಬೆಳೆದ ಪಟ್ಟಿ ಕಂಡರೆ ಅಲ್ಲಿ ಹಗ್ಗ ಇಲ್ಲವೇ ಸರಪಳಿ ಉಜ್ಜಿದೆ ಎಂದರ್ಥ. ನಿಮ್ಮ ಕುದುರೆ ಪಂಚಕಲ್ಯಾಣಿ, ಎಂದರೆ ನಾಲ್ಕೂ ಕಾಲು ಮತ್ತು ಮುಖ ಬಿಳಿಯಾಗಿರುವಂಥದ್ದು; ಆದ್ದರಿಂದ ಬಿಳಿ ಕೂದಲಿನ ಗುರುತು ಅಲ್ಲಿ ಕಣ್ತಪ್ಪುತ್ತದೆ. ಕೈಯಾಡಿಸಿ ಚರ್ಮ ದಪ್ಪಗಟ್ಟಿದೆಯೇ ಎಂದು ನೋಡಿ. ಬಾಯಿಯ ಎರಡು ಮೂಲೆಗಳನ್ನು, ನಾಲಗೆಯ ಅಂಚನ್ನು, ಮುಂದಿನ ಹಲ್ಲು ಮತ್ತು ದವಡೆ ಹಲ್ಲಿನ ನಡುವೆ ಕಡಿವಾಣ ಕೂರುವ ಖಾಲಿ ವಸಡನ್ನು ಬೆರಳಿಂದ ತಡವಿ ನೋಡಿ. ಅಲ್ಲಿ ಗಂಟು, ಹಳೆಯ ಸೀಳು, ಮುಟ್ಟಿದೊಡನೆ ತಲೆ ಎಗರಿಸುವುದು ಇದ್ದರೆ ಉತ್ತರ ಸಿಕ್ಕಂತೆಯೇ. ಬಳಿಕ ಸಾಕಣೆದಾರರಿಗೆ ಒಂದೇ ಮಾತು ಕೇಳಿ: ಇದೇ ನಡೆಯನ್ನು ಮುಳ್ಳಿಲ್ಲದ ಸಾದಾ ಸ್ನಾಫಲ್ ಕಡಿವಾಣದಲ್ಲಿ, ಲಗಾಮು ಸಡಿಲ ಬಿಟ್ಟು ತೋರಿಸುತ್ತೀರಾ? ಹುಟ್ಟು ರೇವಾಲ್ ಇರುವ ಕುದುರೆಗೆ ಇದು ಕಷ್ಟವೇ ಅಲ್ಲ. ಲಾಳ ತೆಗೆಸಿ ಒಮ್ಮೆ ನೋಡಲು ಒಪ್ಪಿದರೆ ಇನ್ನೂ ಒಳ್ಳೆಯದು.

ಅದಕ್ಕಿಂತ ಮೇಲಾದ ಸಾಕ್ಷಿ ಅವರ ಹುಲ್ಲುಗಾವಲಿನಲ್ಲಿದೆ. ತಾಯಿ ಕುದುರೆಯನ್ನು ಮತ್ತು ಅದರ ಬೇರೆ ಮರಿಗಳನ್ನು ಬಿಡಾಡಿಯಾಗಿ ಬಿಡಿಸಿ, ಸುಮ್ಮನೆ ನಿಂತು ನೋಡಿ. ಮೈಮೇಲೆ ಯಾರೂ ಇಲ್ಲದಾಗ, ಹಗ್ಗ ಕಡಿವಾಣಗಳಿಲ್ಲದಾಗ, ತಾಯಿಯ ಹಿಂದೆ ಓಡುವ ಮರಿಯೇ ನಾಲ್ಕು ಪೆಟ್ಟಿನ ನಡೆಗೆ ಬಂದರೆ ಅದು ರಕ್ತದಲ್ಲಿದೆ. 2012ರಲ್ಲಿ ಐಸ್‌ಲ್ಯಾಂಡಿನ ಕುದುರೆಗಳ ಮೇಲೆ ನಡೆದ ಸಂಶೋಧನೆ ಡಿಎಂಆರ್‌ಟಿ3 ಎಂಬ ವಂಶವಾಹಿಯಲ್ಲಿ ಆದ ಒಂದು ಬದಲಾವಣೆಗೂ ಈ ಬಗೆಯ ನಡೆಗಳಿಗೂ ಇರುವ ನಂಟನ್ನು ತೋರಿಸಿಕೊಟ್ಟಿತು. ಬೆನ್ನುಹುರಿಯಲ್ಲಿ ಕಾಲುಗಳ ಚಲನೆಯನ್ನು ಹೊಂದಿಸುವ ನರಕೋಶಗಳ ಮೇಲೆ ಆ ವಂಶವಾಹಿ ಕೆಲಸ ಮಾಡುತ್ತದೆ. ಆದರೂ ಅಂಥ ಯಾವುದೇ ಪರೀಕ್ಷೆಗಿಂತ ತಾಯಿ ಮತ್ತು ಒಡಹುಟ್ಟುಗಳ ನಡೆಯನ್ನು ಕಣ್ಣಾರೆ ಕಾಣುವುದು ಕೊಳ್ಳುವವರಿಗೆ ಹೆಚ್ಚು ಉಪಯುಕ್ತ, ಮತ್ತು ಸಂತೆಯಲ್ಲಿ ಕೊಳ್ಳುವವರಿಗೆ ಈ ಭಾಗ್ಯ ಇಲ್ಲ.

ಈಗ ವಯಸ್ಸು. ಕುದುರೆಗೆ ಮುಂದಿನ ಹಾಲುಹಲ್ಲುಗಳು ನಡುವಿನಿಂದ ಹೊರಕ್ಕೆ ಕ್ರಮವಾಗಿ ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಗಳ ಸುಮಾರಿಗೆ ಬಿದ್ದು ದೊಡ್ಡ ಹಲ್ಲುಗಳು ಬರುತ್ತವೆ. ಐದಕ್ಕೆ ಬಾಯಿ ಕೂಡುತ್ತದೆ, ಎಂದರೆ ಮುಂದಿನ ದೊಡ್ಡ ಹಲ್ಲುಗಳೆಲ್ಲ ಬಂದಿರುತ್ತವೆ. ನಿಜಕ್ಕೂ ನಾಲ್ಕು ವರ್ಷವಾಗಿದ್ದರೆ ಮೇಲೆ ನಾಲ್ಕು, ಕೆಳಗೆ ನಾಲ್ಕು ದೊಡ್ಡ ಹಲ್ಲುಗಳಿದ್ದು ಮೂಲೆಯವು ಇನ್ನೂ ಹಾಲುಹಲ್ಲುಗಳಾಗಿರಬೇಕು. ನಡುವಿನವು ಮಾತ್ರ ಬದಲಾಗಿದ್ದರೆ ಅದು ಇನ್ನೂ ಮೂರರ ಕುದುರೆ, ಮತ್ತು ಎಲುಬು ಗಟ್ಟಿಯಾಗುವ ಮೊದಲೇ ಅದರ ಬೆನ್ನ ಮೇಲೆ ಭಾರ ಹೇರಿದ್ದಾರೆ.

ನಾಲ್ಕು ವರ್ಷ ನಿಜವೇ ಆದರೂ ನನ್ನ ಅಭಿಪ್ರಾಯದಲ್ಲಿ ಅದು ನಿಮಗೆ ಎಳೆಯ ಕುದುರೆ. ಎರಡು ವರ್ಷದ ಸವಾರಿಯ ಅನುಭವ ಪಳಗಿದ ಕುದುರೆಗೆ ಸಾಕು. ಟ್ರ್ಯಾಕ್ಟರ್, ನಾಯಿ, ಹಾರುವ ಪ್ಲಾಸ್ಟಿಕ್ ಹಾಳೆ ಇವೆಲ್ಲವನ್ನೂ ಮೊದಲ ಸಲ ಕಾಣುತ್ತಿರುವ ಚುರುಕು ರಕ್ತದ ಮಾರ್ವಾಡಿಗೆ ಸಾಲದು. ಎಂಟರಿಂದ ಹನ್ನೆರಡು ವರ್ಷದ, ಮರಿ ಹಾಕಿಸುವ ಕೆಲಸದಿಂದ ಬಿಟ್ಟ, ಸವಾರಿಗೆ ಪಳಗಿದ ಹೆಣ್ಣು ಕುದುರೆ ಅವರಲ್ಲಿ ಇದೆಯೇ ಎಂದು ಕೇಳಿ ನೋಡಿ. ಸಾಕಣೆದಾರರು ಅಂಥವನ್ನು ಮಾರಾಟಕ್ಕೆ ಮುಂದಿಡುವುದು ಅಪರೂಪ, ಕೇಳಿದರೆ ಕೊಡುವವರು ಮಾತ್ರ ಇದ್ದಾರೆ.

ತೂಕದ ಲೆಕ್ಕವನ್ನು ತಪ್ಪದೆ ಮಾಡಿ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರ್‌ಗಳಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕುದುರೆಯ ತೂಕ ಕಿಲೋಗಳಲ್ಲಿ ಹೆಚ್ಚುಕಡಿಮೆ ಸಿಗುತ್ತದೆ. ಸುತ್ತಳತೆ 170, ಉದ್ದ 150 ಇದೆ ಎಂದಿಟ್ಟುಕೊಂಡರೆ ತೂಕ ಸುಮಾರು 365 ಕಿಲೋ. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ನೂರಕ್ಕೆ 20ರಷ್ಟು ಮೀರದಿರುವುದು ಒಳ್ಳೆಯದೆಂಬ ರೂಢಿಯಿದೆ. 2008ರಲ್ಲಿ ಅಮೆರಿಕದ ಓಹಾಯೋದಲ್ಲಿ ನಡೆದ ಅಧ್ಯಯನವೊಂದರಲ್ಲಿ ಭಾರ ನೂರಕ್ಕೆ 25, 30ಕ್ಕೆ ಏರಿದಾಗ ಸ್ನಾಯುಗಳ ನೋವು ಎದ್ದು ಕಂಡಿತ್ತು. 365 ಕಿಲೋದ ಕುದುರೆಗೆ ನೂರಕ್ಕೆ 20 ಎಂದರೆ 73 ಕಿಲೋ. ನೀವು ಒಬ್ಬರೇ 74, ಹತ್ತು ಕಿಲೋದ ಜೀನು ಸೇರಿದರೆ 84, ಅಂದರೆ ನೂರಕ್ಕೆ 23. ಇದರಿಂದ ವ್ಯಾಪಾರ ಮುರಿಯಬೇಕಾಗಿಲ್ಲ. ಆದರೆ ಹಗುರವಾದ ಜೀನು ಬೇಕು, ಏರುದಾರಿಯಲ್ಲಿ ಇಳಿದು ನಡೆಯುವ ಅಭ್ಯಾಸ ಬೇಕು, ಮತ್ತು ಕುದುರೆಯ ಬೆನ್ನು ಚಿಕ್ಕದಾಗಿದ್ದು ಸೊಂಟದ ಭಾಗ ಅಗಲವಾಗಿರಬೇಕು. ಎತ್ತರವೊಂದನ್ನೇ ನೋಡಿ ಕೊಳ್ಳುವವರು ಉದ್ದ ಬೆನ್ನಿನ ಸಪೂರ ಕುದುರೆಯನ್ನು ಮನೆಗೆ ತರುತ್ತಾರೆ.

ಕಾಲಿನ ವಿಷಯದಲ್ಲಿ ನಾನು ಮೊದಲು ನೋಡುವುದು ಗೊರಸಿನ ಹೊರಗೋಡೆಯನ್ನು. ಅದರ ಮೇಲೆ ಅಡ್ಡ ಬಳೆಗಳಂಥ ಗೆರೆಗಳಿರುವುದು ಸಹಜ. ಅವು ಮುಂದೆ ಒತ್ತಾಗಿದ್ದು ಹಿಮ್ಮಡಿಯ ಕಡೆ ಹೋಗುತ್ತ ಅಗಲವಾಗಿ ಬಿಚ್ಚಿಕೊಂಡಿದ್ದರೆ ಗೊರಸಿನೊಳಗೆ ಉರಿಯೂತವಾಗಿ ಹೋದದ್ದರ ಗುರುತು. ಮಾರಾಟಕ್ಕೆ ಮೈ ತುಂಬಿ ಕಾಣಲೆಂದು ಕಡಲೆ, ಬೆಲ್ಲ, ತುಪ್ಪ ತಿನ್ನಿಸಿ ಕೊಬ್ಬಿಸಿದ ಕುದುರೆಗಳಲ್ಲಿ ಈ ರೋಗ ಕಾಣುತ್ತದೆ, ಒಮ್ಮೆ ಬಂದದ್ದು ಮತ್ತೆ ಬರುವ ಸಂಭವವೂ ಹೆಚ್ಚು. ಪಕ್ಕೆಯ ಮೇಲೆ ಅಂಗೈ ಇಟ್ಟು ಒತ್ತಿದಾಗ ಎಲುಬುಗಳು ಸಿಗಬೇಕು. ಹಿಂದಿನಿಂದ ನೋಡಿದಾಗ ಹಿಂಗಾಲಿನ ಮಂಡಿಗಳು ಸ್ವಲ್ಪ ಒಳಮುಖವಾಗಿರುವುದು ಮಾರ್ವಾಡಿಗಳಲ್ಲಿ ಸಾಮಾನ್ಯ. ಒಂದಕ್ಕೊಂದು ತಾಗುವಷ್ಟಿದ್ದರೆ ಬೇಡ.

ಪಂಚಕಲ್ಯಾಣಿ ಮತ್ತು ಸುಳಿಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಬೆಲೆ ಹೇಳುವಾಗ ಆ ಮಾತು ಬಂದೇ ಬರುತ್ತದೆ. ದೇವಮಣಿ ಸುಳಿ ಇದ್ದ ಕುದುರೆಗೆ ಬೆಲೆ ಏರುತ್ತದೆ, ಕೆಟ್ಟ ಸುಳಿ ಎನ್ನಿಸಿಕೊಂಡದ್ದಕ್ಕೆ ಇಳಿಯುತ್ತದೆ. ನಿಮ್ಮ ಮನೆಯವರಿಗೆ ಇದರಲ್ಲಿ ನಂಬಿಕೆಯಿದ್ದರೆ ಮೊದಲೇ ಅವರಿಗೆ ತೋರಿಸಿಬಿಡಿ. ಕುದುರೆ ಮನೆಗೆ ಬಂದ ಮೇಲೆ ಏಳುವ ಮಾತು ಎಲ್ಲರಿಗೂ ನೋವು. ಸವಾರಿಯ ಗುಣಕ್ಕೂ ಇವಕ್ಕೂ ಸಂಬಂಧವಿಲ್ಲ. ಬಿಳಿ ಕಾಲುಗಳ ಕೆಳಗಿನ ಗುಲಾಬಿ ಚರ್ಮಕ್ಕೆ ನಮ್ಮ ಮಳೆಗಾಲದ ಕೆಸರಿನಲ್ಲಿ ಹುಣ್ಣಾಗುವುದು ಬೇಗ ಎಂಬುದನ್ನು ಮಾತ್ರ ನೆನಪಿಡಿ.

ಏರಿ ನೋಡುವ ದಿನ, ನೀವು ಬರುವವರೆಗೆ ಕುದುರೆಯನ್ನು ಲಾಯದಿಂದ ಹೊರತರಬಾರದೆಂದು ಕೇಳಿಕೊಳ್ಳಿ. ಹೋದೊಡನೆ ಜೀನಿನ ಪಟ್ಟಿ ಬರುವಲ್ಲಿ ಕೈಯಿಡಿ. ಬೆವರಿನ ತೇವ, ಒಣಗಿದ ಉಪ್ಪಿನ ಗೆರೆ ಇದ್ದರೆ ಬೆಳಗ್ಗೆಯೇ ಓಡಿಸಿ ದಣಿಸಿದ್ದಾರೆ. ಹಿಡಿಯುವುದು, ಕಟ್ಟುವುದು, ನಾಲ್ಕೂ ಗೊರಸು ಎತ್ತುವುದು, ಜೀನು ಹಾಕುವುದು ಎಲ್ಲವೂ ನಿಮ್ಮ ಕಣ್ಣೆದುರು ಆಗಲಿ. ಮೊದಲು ಅವರ ಸವಾರ ಏರಲಿ, ಆಮೇಲೆ ನಿಮ್ಮ ಸವಾರಿ ಶಾಲೆಯ ಶಿಕ್ಷಕರು, ಕೊನೆಗೆ ನೀವು. ಬೇರೆ ಕುದುರೆಗಳ ಜೊತೆಯಿಲ್ಲದೆ ಒಂಟಿಯಾಗಿ ಹೊರಗಿನ ದಾರಿಯಲ್ಲಿ ಹೋಗಿ ಬನ್ನಿ. ಲಾಯಕ್ಕೆ ಮರಳುವ ದಿಕ್ಕಿನಲ್ಲಿ ಲಗಾಮಿಗೆ ಕಿವಿಗೊಡದ ಕುದುರೆ ನಿಮಗೆ ಬೇಡ. ಮೆರವಣಿಗೆಗಾಗಿ ಕುಣಿತ ಕಲಿತ ಕುದುರೆಯಾದರೆ ನಿಂತಲ್ಲಿ ನಿಲ್ಲುವುದಿಲ್ಲ, ಡೋಲಿನ ಸದ್ದಿಗೆ ಮುಂಗಾಲು ಎತ್ತುತ್ತದೆ. ಇದನ್ನೂ ನೇರವಾಗಿ ಕೇಳಿ ತಿಳಿದುಕೊಳ್ಳಿ. ಅರ್ಧ ತಾಸು ಏರಿದ ಮೇಲೆ, ದಣಿದಾಗಲೂ ಅದೇ ನಡೆ ಉಳಿದಿದೆಯೇ, ಮಾರನೆಯ ಬೆಳಗ್ಗೆ ನಿಮ್ಮ ಸೊಂಟ ಏನು ಹೇಳುತ್ತದೆ, ಇವೆರಡೂ ಮುಖ್ಯ. ಕೆಲವು ದಿನ ಬಿಟ್ಟು ಹೇಳದೆ ಇನ್ನೊಮ್ಮೆ ಹೋಗಿ ನೋಡಿ.

ಪಶುವೈದ್ಯರ ತಪಾಸಣೆ ಇಲ್ಲದೆ ಹಣ ಕೈಬದಲಾಗಬಾರದು, ಮತ್ತು ಆ ವೈದ್ಯರು ಮಾರುವವರ ಕುದುರೆಗಳನ್ನು ನೋಡಿಕೊಳ್ಳುವವರಾಗಿರಬಾರದು. ನಿಮಗೆ ಗದಗದ ಪಶುವೈದ್ಯಕೀಯ ಕಾಲೇಜು ಹತ್ತಿರ. ಹೃದಯ, ಶ್ವಾಸಕೋಶ, ಕಣ್ಣು, ಕುಂಟುಗಳ ತಪಾಸಣೆಯ ಜೊತೆಗೆ ರಕ್ತದ ಮಾದರಿಯನ್ನು ಗ್ಲ್ಯಾಂಡರ್ಸ್, ಕುದುರೆಗಳ ಸೋಂಕು ರಕ್ತಹೀನತೆ ಮತ್ತು ಸರ್ರಾ ರೋಗಗಳಿಗಾಗಿ ಪರೀಕ್ಷಿಸಬೇಕು. ಗ್ಲ್ಯಾಂಡರ್ಸ್ ಮನುಷ್ಯರಿಗೂ ಹರಡುವ ಮಾರಕ ರೋಗ, ಲಸಿಕೆಯಿಲ್ಲ, ಬೆಂಗಳೂರಿನಲ್ಲಿಯೂ ಪತ್ತೆಯಾದದ್ದುಂಟು. ಖಚಿತವಾದರೆ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯ 2009ರ ಕಾಯ್ದೆಯಡಿ ಆ ಕುದುರೆಯನ್ನು ಕೊಲ್ಲಲೇಬೇಕಾಗುತ್ತದೆ. ಇದರ ಖಚಿತ ಪರೀಕ್ಷೆಯನ್ನು ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಮಾಡುತ್ತದೆ, ಮಾದರಿಯನ್ನು ಪಶುಸಂಗೋಪನಾ ಇಲಾಖೆಯ ಮೂಲಕ ಕಳಿಸಬಹುದು. ಧನುರ್ವಾಯುವಿನ ಲಸಿಕೆ ಯಾವಾಗ ಆಗಿದೆ ಎಂದು ಕೇಳಿ. ಹೆಣ್ಣು ಕುದುರೆಯಾದ್ದರಿಂದ ಗರ್ಭದ ಸ್ಕ್ಯಾನ್ ಕೂಡ ಆಗಲಿ. ಬೀಜದ ಕುದುರೆಯಿರುವ ಲಾಯದಿಂದ ಬರುತ್ತಿದೆ, ಹನ್ನೊಂದು ತಿಂಗಳ ಗರ್ಭದ ಮೊದಲ ತಿಂಗಳುಗಳು ಹೊರಗಿನಿಂದ ತಿಳಿಯುವುದಿಲ್ಲ.

ಕಾಗದದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ನಿಮಗೆ ಬೇಕಾದದ್ದು ಸವಾರಿ. ತಂದೆಯ ಕಡೆಯ ದಾಖಲೆಯಿಲ್ಲದ್ದರಿಂದ ನಡೆ ಕೆಡುವುದಿಲ್ಲ. ಆದರೆ ಎರಡೂ ಕಡೆಯ ದಾಖಲೆಯಿದ್ದು ತಳಿ ಸಂಘದಲ್ಲಿ ನೋಂದಾಯಿತವಾದ ಕುದುರೆಯ ಬೆಲೆಯನ್ನು ಇದಕ್ಕೆ ಕೊಡಬೇಕಾಗಿಲ್ಲ. ಮಾರಾಟದ ಕರಾರನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ. ಕುದುರೆಯ ಗುರುತುಗಳು, ಹೇಳಿದ ವಯಸ್ಸು, ತಿಳಿದಿರುವ ಕಾಯಿಲೆಗಳು, ಎರಡು ಮೂರು ವಾರ ನಿಮ್ಮಲ್ಲಿ ಇಟ್ಟು ನೋಡುವ ಅವಕಾಶ, ಹಿಂದಿರುಗಿಸಿದರೆ ಸಾಗಣೆಯ ಖರ್ಚು ಯಾರದು, ಇಷ್ಟೂ ಅದರಲ್ಲಿರಲಿ. ಹತ್ತಿರದವರೇ ಆದ್ದರಿಂದ ಇದಕ್ಕೆ ಒಪ್ಪುವುದು ಅವರಿಗೂ ಭಾರವಲ್ಲ, ಮತ್ತು ತಮ್ಮ ಕುದುರೆಯ ಮೇಲೆ ವಿಶ್ವಾಸವಿರುವ ಸಾಕಣೆದಾರರು ಹೀಗೆ ಕೇಳಿದ್ದನ್ನು ಅವಮಾನವೆಂದು ಎಣಿಸುವುದಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಎಂಬ ಅವರ ಅವಸರಕ್ಕೆ ಕುದುರೆಯ ದೃಷ್ಟಿಯಿಂದ ಕಾರಣ ಕಾಣುವುದಿಲ್ಲ. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ಸರ್ರಾ ರೋಗದ ಭಯ ಮಳೆಯ ದಿನಗಳಲ್ಲಿ ಮತ್ತು ಅದರ ಬೆನ್ನಿಗೇ ಹೆಚ್ಚು, ಒದ್ದೆ ನೆಲದಲ್ಲಿ ನಡೆಯ ಪರೀಕ್ಷೆಯೂ ಸರಿಯಾಗಿ ಆಗದು. ದೀಪಾವಳಿಯ ಹೊತ್ತಿಗೆ ನೆಲ ಗಟ್ಟಿಯಾಗಿರುತ್ತದೆ, ಸಂತೆಗಳಿಗೆ ಕುದುರೆ ಸಾಗಿಸುವ ಖರ್ಚು ಕಣ್ಣಮುಂದಿರುವಾಗ ಸಾಕಣೆದಾರರು ಮನೆಬಾಗಿಲಿನ ಗಿರಾಕಿಗೆ ಬೆಲೆಯಲ್ಲಿ ಹೊಂದಿಕೊಳ್ಳುವುದೂ ಉಂಟು. ಅಲ್ಲಿಯವರೆಗೆ ನಿಮ್ಮ ಕಡೆ ಲಾಯ ಸಿದ್ಧವಾಗಲಿ, ಆರರಿಂದ ಎಂಟು ವಾರಕ್ಕೊಮ್ಮೆ ಬಂದು ಗೊರಸು ಕತ್ತರಿಸಿ ಲಾಳ ಹೊಡೆಯುವವರು ಗೊತ್ತಾಗಲಿ, ದಿನಕ್ಕೆ ಏಳೆಂಟು ಕಿಲೋ ಒಣ ಮೇವಿನ ಏರ್ಪಾಡಾಗಲಿ. ಕುದುರೆ ಗುಂಪಿನ ಪ್ರಾಣಿ. ಜೊತೆಗೆ ಇನ್ನೊಂದು ಕುದುರೆ ಇಡಲಾಗದಿದ್ದರೆ ಕಣ್ಣಿಗೆ ಕಾಣುವಂತೆ ಆಕಳೋ ಆಡೋ ಇರಲಿ. ಕೊಳ್ಳುವುದು ಖಚಿತವಾದ ಮೇಲೆ ಅವರಲ್ಲಿ ಈಗ ತಿನ್ನುತ್ತಿರುವ ಮೇವನ್ನೇ ಎರಡು ವಾರಕ್ಕಾಗುವಷ್ಟು ಜೊತೆಗೆ ತಂದು, ನಿಮ್ಮ ಹುಲ್ಲು ಮತ್ತು ಹುರುಳಿಯನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋಗಿ. ಮೇವು ಒಮ್ಮೆಲೇ ಬದಲಾದರೆ ಬರುವ ಹೊಟ್ಟೆಶೂಲೆ ಹೊಸ ಮನೆಗೆ ಬಂದ ಮೊದಲ ವಾರದಲ್ಲಿಯೇ ಕುದುರೆಯ ಜೀವಕ್ಕೆ ಎರವಾಗಬಹುದು.